ಔಷಧಿ ಹೊಡೆಯುವ ಡ್ರೋನ್ ಬಿದ್ದು ಜೊತೆಗಿದ್ದ ಹುಡುಗನಿಗೆ ಗಾಯ: ವಿಮಾನಯಾನ ನಿಯಂತ್ರಕ ಡಿಜಿಸಿಎಗೆ ತಿಳಿಸಬೇಕಾದವರು ಯಾರು, ಮಾಲೀಕರಾ ನಾನಾ?

ಭತ್ತದ_ಪೈಲಟ್

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ಕಡೆ ಭತ್ತಕ್ಕೆ ಔಷಧಿ ಹೊಡೆಯುವ ಡ್ರೋನ್ ಹಾರಿಸುತ್ತೇನೆ. ಡ್ರೋನ್ ನನ್ನದಲ್ಲ, ಒಬ್ಬರ ಹತ್ತಿರ ಕೆಲಸಕ್ಕಿದ್ದೇನೆ. 10 ಲೀಟರ್ ಟ್ಯಾಂಕಿನದು, ತೂಕದ ಲೆಕ್ಕದಲ್ಲಿ ಸ್ಮಾಲ್ ವರ್ಗಕ್ಕೆ ಬರುತ್ತದೆ, ಯುಐಎನ್ (ನೋಂದಣಿ ಸಂಖ್ಯೆ) ಇದೆ. ನನ್ನ ಹತ್ತಿರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇದೆ.

ನಿನ್ನೆ ಬೆಳಗ್ಗೆ ಟ್ಯಾಂಕ್ ತುಂಬಿಸಿ ಮೇಲಕ್ಕೆ ಎತ್ತಿದೆ. ಹತ್ತು ಅಡಿ ಏರಿರಬೇಕು, ಒಂದು ಆರ್ಮ್ (ಮೋಟರ್ ಕೂರಿಸಿರುವ ತೋಳು) ಕಡೆಯಿಂದ ಕಿರ್ ಅಂತ ಸದ್ದು ಬಂತು, ಡ್ರೋನ್ ಗಿರಗಿರ ತಿರುಗಿ ಬದುವಿನ ಕಡೆಗೇ ಬಂದು ಬಿತ್ತು. ಔಷಧಿ ಕಲಸಿಕೊಡುವ ಹುಡುಗ ಅಲ್ಲಿ ನಿಂತಿದ್ದ. ಪ್ರೊಪೆಲ್ಲರ್ ಅವನ ಮುಂಗೈಗೆ ಹೊಡೆಯಿತು. ತುಂಬಾ ರಕ್ತ ಹೋಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ಬೆರಳು ಸರಿಯಾಗಿ ಮಡಚೋಕೆ ಆಗ್ತಿಲ್ಲ, ಒಳಗೆ ಸ್ನಾಯು ಕತ್ತರಿಸಿರಬಹುದು ಅಂತ ರಾಯಚೂರಿಗೆ ಕಳಿಸಿದರು. ಈಗ ಅಲ್ಲೇ ಅಡ್ಮಿಟ್ ಆಗಿದ್ದಾನೆ.

ಮಾಲೀಕರು ಕೆಟ್ಟವರಲ್ಲ, ಆಸ್ಪತ್ರೆ ಖರ್ಚೆಲ್ಲ ತಾವೇ ಕೊಡ್ತೀನಿ ಅಂದಿದ್ದಾರೆ. ಆದರೆ "ಮೇಲಿನವರಿಗೆ ಬರೆಯೋದೆಲ್ಲ ಬೇಡ, ಸೀಸನ್ ಮಧ್ಯ ಇದ್ದೀವಿ, ಹೊಸ ಆರ್ಮ್ ಹಾಕಿಸಿ ನಾಡಿದ್ದು ಕೆಲಸ ಶುರು ಮಾಡೋಣ" ಅಂತಾರೆ. ಜೊತೆ ಪೈಲಟ್‌ಗಳನ್ನ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬ 48 ಗಂಟೆ ಒಳಗೆ ತಿಳಿಸಲೇಬೇಕು ಅಂತಾನೆ. ಇನ್ನೊಬ್ಬ, ಗಾಯ ಆದವನು ಆಸ್ಪತ್ರೆಯಲ್ಲಿ 48 ಗಂಟೆ ಇದ್ದರೆ ಮಾತ್ರ ತಿಳಿಸಬೇಕು, ಅಲ್ಲಿವರೆಗೆ ಕಾಯಿ ಅಂತಾನೆ. ಯಾವುದು ನಿಜ? ತಿಳಿಸೋದು ನನ್ನ ಕೆಲಸನಾ, ಮಾಲೀಕರದಾ? ತಿಳಿಸಿದರೆ ನನ್ನ ಸರ್ಟಿಫಿಕೇಟ್ ಹೋಗುತ್ತಾ? ಮನೆ ನಡೆಯೋದು ಇದರ ಮೇಲೆ, ಹಾಗಾಗಿ ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ.

ಹಾರಾಟದ_ಮೇಷ್ಟ್ರು

ತಮ್ಮಾ, ಮೊದಲು ಆ ಹುಡುಗ ಬೇಗ ಹುಷಾರಾಗಲಿ. ಮುಂಗೈ ಗಾಯ ಬೇಗ ಸರಿಯಾದ ಕಡೆ ತೋರಿಸಿದ್ದು ಒಳ್ಳೆಯದಾಯಿತು.

ನಾನು ಪೈಲಟ್ ತರಬೇತಿ ಕೊಡುವ ಕಡೆ ಪಾಠ ಮಾಡುತ್ತೇನೆ, ಈ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ಉತ್ತರ ನೇರವಾಗಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಅಪಘಾತ ಆದರೆ 48 ಗಂಟೆ ಒಳಗೆ ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ಪೋರ್ಟಲ್ ಮೂಲಕ ಡಿಜಿಸಿಎ ಮಹಾನಿರ್ದೇಶಕರಿಗೆ ತಿಳಿಸಬೇಕು. ತಿಳಿಸಬೇಕಾದವರು ಯಾರು ಅಂತಲೂ ಅದರಲ್ಲೇ ಇದೆ: ರಿಮೋಟ್ ಪೈಲಟ್. ಮಾಲೀಕರಲ್ಲ, ಡ್ರೋನ್ ಕಂಪನಿಯೂ ಅಲ್ಲ. ಕೈಯಲ್ಲಿ ರಿಮೋಟ್ ಹಿಡಿದಿದ್ದವರು. ಅಂದರೆ "ಮಾಲೀಕರು ಬೇಡ ಅಂದರು" ಅನ್ನೋದು ನಾಳೆ ನಿನಗೆ ಉತ್ತರವಾಗಿ ನಿಲ್ಲೋದಿಲ್ಲ. ಹೊಣೆ ನಿನ್ನ ಹೆಸರಿಗೆ ಬರೆದಾಗಿದೆ. ಕೂಲಿಗೆ ಹಾರಿಸುವ ಹುಡುಗರಿಗೆ ಇದನ್ನ ಯಾರೂ ಒತ್ತಿ ಹೇಳೋದೇ ಇಲ್ಲ. ನನಗೆ ಬಹಳ ಬೇಸರವಾಗುವ ವಿಷಯ ಇದು.

ಇನ್ನು ಆ ಎರಡು 48 ಗಂಟೆಗಳ ಗೊಂದಲ. ನಿನ್ನ ಗೆಳೆಯರಿಬ್ಬರೂ ಅರ್ಧರ್ಧ ಕೇಳಿಸಿಕೊಂಡಿದ್ದಾರೆ. ತಿಳಿಸೋಕೆ ಇರುವ ಗಡುವು 48 ಗಂಟೆ, ಅದು ಅಪಘಾತ ಆದ ಹೊತ್ತಿನಿಂದ ಶುರು. ಇನ್ನೊಂದು 48 ಗಂಟೆ ಬರೋದು ಗಂಭೀರ ಗಾಯ ಅಂದರೇನು ಅನ್ನುವ ಕಡೆ. ಅಂತಾರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒದ ಅನೆಕ್ಸ್ 13 ಅಂತ ಇದೆ, ಅಪಘಾತ, ಗಂಭೀರ ಗಾಯ ಅನ್ನೋದನ್ನ ವಿಮಾನಯಾನದವರು ಎಲ್ಲ ಕಡೆ ಅದರಿಂದಲೇ ಅಳೆಯೋದು. ಗಾಯವಾದ 7 ದಿನದೊಳಗೆ ಆಸ್ಪತ್ರೆಗೆ ಸೇರಿ 48 ಗಂಟೆಗಿಂತ ಜಾಸ್ತಿ ಇರಬೇಕಾಗಿ ಬಂದರೆ ಅದು ಗಂಭೀರ ಗಾಯ. ಆದರೆ ಅದೊಂದೇ ಅಲ್ಲ! ಮೂಳೆ ಮುರಿದರೂ ಗಂಭೀರವೇ (ಬೆರಳು, ಮೂಗಿನ ಸಣ್ಣ ಮುರಿತ ಬಿಟ್ಟು). ಸೀಳಿ ಹೋಗಿ ಜೋರು ರಕ್ತಸ್ರಾವ ಆದರೆ, ನರಕ್ಕೋ ಮಾಂಸಖಂಡಕ್ಕೋ ಸ್ನಾಯುರಜ್ಜುವಿಗೋ ಪೆಟ್ಟಾದರೆ, ಒಳಗಿನ ಅಂಗಕ್ಕೆ ಪೆಟ್ಟಾದರೆ, ಮೈಯ 5 ಶೇಕಡಕ್ಕಿಂತ ಜಾಸ್ತಿ ಸುಟ್ಟರೆ, ಇವೆಲ್ಲವೂ ಗಂಭೀರವೇ. ಆ ಹುಡುಗನಿಗೆ ರಕ್ತ ತುಂಬಾ ಹೋಗಿದೆ, ಬೆರಳು ಮಡಚೋಕೆ ಆಗ್ತಿಲ್ಲ. ಇದರಲ್ಲಿ ಯೋಚಿಸೋಕೆ ಏನೂ ಉಳಿದಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಆಗಲಿ ಅಂತ ಕಾಯುತ್ತಾ ಕೂತರೆ ಆ ಕಡೆ ತಿಳಿಸುವ ಗಡುವೇ ಮುಗಿದುಹೋಗುತ್ತದೆ. ಇವತ್ತೇ ಹಾಕು.

ಪೋರ್ಟಲ್ ಸತಾಯಿಸಿದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ, ಅದೇ ವಿವರ ಡಿಜಿಸಿಎಗೆ ಇಮೇಲ್ ಕೂಡ ಮಾಡು. ಗಡುವಿನ ಒಳಗೆ ನೀನು ಪ್ರಯತ್ನ ಮಾಡಿದ್ದಕ್ಕೆ ದಾಖಲೆ ಇರಲಿ.

ನಾಲ್ಕು_ಡ್ರೋನ್_ಸೇವೆ

ಮೇಷ್ಟ್ರು ಹೇಳಿದ್ದು ಕಾನೂನು, ಒಪ್ಪಿಕೊಳ್ತೀನಿ. ಆದರೆ ನಮ್ಮ ಕಡೆಯ ಕಷ್ಟವೂ ಸ್ವಲ್ಪ ಕೇಳಿ. ನಾನೂ ಬಾಡಿಗೆಗೆ ಡ್ರೋನ್ ಓಡಿಸುವವನು, ಕೊಪ್ಪಳ ಜಿಲ್ಲೆ. ಸಾಲ ಮಾಡಿ ತಂದ ಡ್ರೋನ್. ಸೀಸನ್ ಅನ್ನೋದು ಕೆಲವೇ ವಾರ. ಆ ಹೊತ್ತಲ್ಲಿ ತನಿಖೆ ಅಂತ ಡ್ರೋನ್ ನಿಲ್ಲಿಸಿದರೆ ಕಂತು ಯಾರು ಕಟ್ಟೋದು? ಡ್ರೋನ್ ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೆ ಇದೆ, ಆ ಭಯ ಎಲ್ಲರಿಗೂ ಇದೆ. ಪೈಲಟ್ ತಾನಾಗಿ ಬರೆದುಕೊಟ್ಟರೆ ಅವನ ಕೈಬರಹವೇ ಅವನ ವಿರುದ್ಧ ಸಾಕ್ಷಿ ಆಗೋದಿಲ್ವಾ? ಭಯಪಟ್ಟವರು ಸುಮ್ನೆ ಇರ್ತಾರೆ. ಅವರನ್ನ ಬೈದು ಪ್ರಯೋಜನ ಇಲ್ಲ. ಧೈರ್ಯವಾಗಿ ಹೇಳಿಕೊಳ್ಳುವ ಹಾಗೆ ವ್ಯವಸ್ಥೆ ಇರಬೇಕು, ನನ್ನ ವಾದ ಅಷ್ಟೇ.

ಇನ್ನೊಂದು ಮಾತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಡಿಆರ್‌ಡಿಒದ ತಪಸ್ ಡ್ರೋನ್ ಹೊಲಕ್ಕೆ ಬಿತ್ತು, ಎಲ್ಲ ಟಿವಿಯಲ್ಲೂ ಬಂತು. ಅದು ಚಳ್ಳಕೆರೆಯ ಪರೀಕ್ಷಾ ಕೇಂದ್ರದ್ದು, ಅದರ ತನಿಖೆ ಅವರದೇ ದಾರಿಯಲ್ಲಿ ಆಗುತ್ತದೆ. ನಮ್ಮ ಗದ್ದೆಗಳಲ್ಲಿ ಬೀಳುವ 25 ಕೆಜಿ ಒಳಗಿನ ಡ್ರೋನ್‌ಗಳ ಬಗ್ಗೆ ಕೇಳೋರು ಯಾರು? ವರದಿ ಕೊಟ್ಟರೆ ಅದನ್ನ ಓದಿ ನಮಗೆ ತಿರುಗಿ ಏನಾದರೂ ಹೇಳ್ತಾರೆ ಅಂತ ಗೊತ್ತಾದರೆ ಕೊಡೋಕೆ ಮನಸ್ಸು ಬರುತ್ತದೆ.

ಹಾರಾಟದ_ಮೇಷ್ಟ್ರು

ಸರ್, ನಿಮ್ಮ ಮಾತಲ್ಲಿ ಸತ್ಯ ಇದೆ. ಕೊನೆಯ ಮಾತಂತೂ ಪೂರ್ತಿ ಒಪ್ಪುತ್ತೇನೆ. ಬಂದ ವರದಿಗಳಿಂದ ಕಲಿತದ್ದು ಪೈಲಟ್‌ಗಳಿಗೆ, ಅದೂ ಕನ್ನಡದಲ್ಲಿ, ತಲುಪಬೇಕು. ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿದ್ದಾರೆ. ಹಳ್ಳಿಯಲ್ಲಿ ಹಾರಿಸೋರು ಇಷ್ಟು ಜನ ಆಗುವಾಗ ಎಲ್ಲಿ ಏನು ಕೆಟ್ಟಿತು ಅನ್ನೋ ಸುದ್ದಿ ಅವರಿಗೆ ಬೇಡವಾ?

ಆದರೆ ಭಯದ ಲೆಕ್ಕ ಸ್ವಲ್ಪ ತಿರುಗಿಸಿ ನೋಡಿ. ವರದಿ ಅಂದರೆ ಎಫ್‌ಐಆರ್ ಅಲ್ಲ. ಅನೆಕ್ಸ್ 13 ತನಿಖೆಯ ಉದ್ದೇಶ ಒಂದೇ ಅಂತ ಹೇಳುತ್ತದೆ, ಇಂಥದ್ದು ಮತ್ತೆ ಆಗದಂತೆ ನೋಡೋದು. ತಪ್ಪು ಯಾರದು ಅಂತ ಹಂಚೋದಕ್ಕಲ್ಲ. ಸರ್ಟಿಫಿಕೇಟ್ ಅಮಾನತು ಮಾಡೋ ಅಧಿಕಾರ ಡಿಜಿಸಿಎಗೆ ಇದೆ, ಸುಳ್ಳು ಹೇಳಲಾರೆ. ಆದರೆ ಮೊದಲು ನಿಮ್ಮ ಮಾತು ಕೇಳಬೇಕು, ಆಮೇಲೆ ತೀರ್ಮಾನ. ಇತ್ತ ಆಸ್ಪತ್ರೆಯಲ್ಲಿ ಇಂಥ ಗಾಯಕ್ಕೆ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಅಂತ ಬರೆಯುತ್ತಾರೆ, ಅದು ಪೊಲೀಸ್ ಠಾಣೆಗೆ ಹೋಗುತ್ತದೆ. ಅಂದರೆ ಘಟನೆ ಆಗಲೇ ಒಂದು ಸರ್ಕಾರಿ ಕಾಗದದ ಮೇಲೆ ಬಂದಾಗಿದೆ. ಅಲ್ಲಿ "ಡ್ರೋನ್ ತಾಗಿ" ಅಂತ ಇದ್ದು ಡಿಜಿಸಿಎ ಕಡೆ ಏನೂ ಇಲ್ಲದಿದ್ದರೆ, ಪೈಲಟ್ ಮುಚ್ಚಿಟ್ಟ ಅಂತಲೇ ಎಲ್ಲರೂ ಓದೋದು. ಯಂತ್ರದ ದೋಷವಾಗಿದ್ದರೂ ಆಗ ಅವನ ಮಾತು ಯಾರೂ ನಂಬೋದಿಲ್ಲ.

ಭತ್ತದ_ಪೈಲಟ್

ಮೇಷ್ಟ್ರೇ ತುಂಬಾ ಧನ್ಯವಾದ. ಎಂಎಲ್‌ಸಿ ಆಗಿದೆ, ನಿಜ. ಏನೇನು ಬರೆಯಬೇಕು? ಡ್ರೋನ್ ಈಗ ಶೆಡ್‌ನಲ್ಲಿ ಬ್ಯಾಟರಿ ಸಮೇತ ಬಿದ್ದಿದೆ. ಮಾಲೀಕರು ಮೆಕ್ಯಾನಿಕ್ ಕರೆಸಿ ಬಿಚ್ಚಿಸ್ತೀನಿ ಅಂತಿದ್ದಾರೆ.

ಸರ್ವೀಸ್_ಬೆಂಚ್

ಅಯ್ಯೋ, ಬಿಚ್ಚೋಕೆ ಬಿಡಬೇಡಿ!

ಮೊದಲು ಬ್ಯಾಟರಿ. ಬಿದ್ದ ಡ್ರೋನಿನ ಲಿಥಿಯಂ ಬ್ಯಾಟರಿ ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ಸೆಲ್ ಜಜ್ಜಿರಬಹುದು, ಗಂಟೆಗಟ್ಟಲೆ ಆದಮೇಲೂ ಬೆಂಕಿ ಹತ್ತಿಕೊಳ್ಳಬಹುದು. ಉಬ್ಬಿಲ್ಲ, ಬಿಸಿ ಇಲ್ಲ, ಹೊಗೆ ಇಲ್ಲ ಅಂತ ನೋಡಿಕೊಂಡು ತೆಗೆದು, ಶೆಡ್‌ನಿಂದ ದೂರ ಬಯಲಲ್ಲಿ ಮರಳಿನ ಮೇಲೆ ಇಡಿ. ಔಷಧಿ ಡಬ್ಬ, ಡೀಸೆಲ್, ಹುಲ್ಲು ಹತ್ತಿರ ಇರಬಾರದು. ಉಬ್ಬಿದ್ದರೆ ಅಥವಾ ಬಿಸಿ ಇದ್ದರೆ ಮುಟ್ಟಬೇಡಿ, ಸುತ್ತ ಇರೋ ಸಾಮಾನು ದೂರ ಮಾಡಿ. ಚಾರ್ಜಿಗಂತೂ ಹಾಕಲೇಬೇಡಿ, "ನೋಡೋಣ ಆನ್ ಆಗುತ್ತಾ" ಅಂತ ಡ್ರೋನಿಗೂ ಕರೆಂಟ್ ಕೊಡಬೇಡಿ.

ಯಾರೂ ಏನೂ ಮುಟ್ಟುವ ಮೊದಲು ಫೋಟೊ ತೆಗೀರಿ. ಪೂರ್ತಿ ಡ್ರೋನು, ಸದ್ದು ಬಂದ ಆರ್ಮ್ ಹತ್ತಿರದಿಂದ, ಆ ಆರ್ಮಿನ ಮಡಚುವ ಲಾಕ್ ತೆರೆದಿದೆಯಾ ಮುಚ್ಚಿದೆಯಾ, ಮೋಟರಿನ ತಳ, ಪ್ರೊಪೆಲ್ಲರ್ ಎಲ್ಲಿ ಮುರಿದಿದೆ, ಯುಐಎನ್ ಫಲಕ. ಗದ್ದೆಗೆ ಹೋಗಿ ಎತ್ತಿದ ಜಾಗ, ಬಿದ್ದ ಜಾಗ, ಹುಡುಗ ನಿಂತಿದ್ದ ಜಾಗ, ಮೂರೂ ಒಂದೇ ಫೋಟೊದಲ್ಲಿ ಬರುವ ಹಾಗೆ ತೆಗೀರಿ, ದೂರ ಹೆಜ್ಜೆಯಲ್ಲಾದರೂ ಅಳೆಯಿರಿ. ಆಮೇಲೆ ಲಾಗ್. ರಿಮೋಟ್ ಜೊತೆ ಇರೋ ಟ್ಯಾಬ್ ಅಥವಾ ಫೋನಿನ ಆ್ಯಪ್‌ನಲ್ಲಿ ಆ ಹಾರಾಟದ ಲಾಗ್ ಇದ್ದರೆ ಈಗಲೇ ಕಾಪಿ ಮಾಡಿ ಇನ್ನೊಂದು ಕಡೆ ಇಡಿ. ಡ್ರೋನಿನ ಒಳಗಿನ ಲಾಗ್ ತೆಗೆಯೋಕೆ ತಯಾರಕರ ಕಡೆಯವರು ಬರಲಿ. ಆ್ಯಪ್ ಅಪ್‌ಡೇಟ್ ಮಾಡಬೇಡಿ, ಹೊಸ ಹಾರಾಟ ಮಾಡಬೇಡಿ. ಕೆಲವು ಯಂತ್ರಗಳಲ್ಲಿ ಹೊಸ ಲಾಗ್ ಹಳೆಯದರ ಮೇಲೆ ಬಂದು ಕೂರುತ್ತದೆ.

ನೀವು ಹೇಳಿದ "ಕಿರ್" ಸದ್ದು ಮತ್ತು ಗಿರಗಿರ ತಿರುಗಿದ್ದು ಕೇಳಿದರೆ ಒಂದು ಮೋಟರ್ ಅಥವಾ ಅದರ ವೇಗ ನಿಯಂತ್ರಿಸುವ ಇಎಸ್‌ಸಿ ಕೈಕೊಟ್ಟಿರುವ ಹಾಗಿದೆ. ಆರ್ಮ್ ಲಾಕ್ ಸಡಿಲ ಆಗಿ ಮೋಟರ್ ವಾಲಿದರೂ ಹೀಗೇ ಆಗುತ್ತದೆ. ಲಾಗ್ ನೋಡದೆ ಹೇಳೋಕಾಗಲ್ಲ. ಔಷಧಿ ಡ್ರೋನ್‌ಗಳಲ್ಲಿ ಒಂದು ವಿಶೇಷ ತೊಂದರೆ ಇದೆ. ಸಿಡಿಯುವ ಔಷಧಿ, ಗೊಬ್ಬರದ ನೀರು ಬೇರಿಂಗಿಗೂ ಕನೆಕ್ಟರಿಗೂ ಹೋಗಿ ಒಳಗೊಳಗೇ ತುಕ್ಕು ತರುತ್ತದೆ. ದಿನಾ ಸಂಜೆ ಸಾದಾ ನೀರಲ್ಲಿ ಒರೆಸದಿದ್ದರೆ ಬೇಗ ಕೆಡುತ್ತದೆ, ಒರೆಸಿದರೂ ಕೆಲವು ಕಡೆ ಸೀಲ್ ಸರಿ ಇಲ್ಲದೆ ಕೆಡುತ್ತದೆ. ಟ್ಯಾಂಕ್ ತುಂಬಿ ಭಾರ ಜಾಸ್ತಿ ಇದ್ದಾಗ, ಅಂದರೆ ಎತ್ತುವ ಹೊತ್ತಲ್ಲೇ, ಮೋಟರಿಗೆ ಪೂರ್ತಿ ಹೊರೆ ಬೀಳೋದು. ನಾಲ್ಕೇ ಮೋಟರಿನ ಡ್ರೋನ್ ಆದರೆ ಒಂದು ಹೋದರೆ ಮುಗೀತು, ಹಿಡಿದು ನಿಲ್ಲಿಸೋಕೆ ಯಾರಿಂದಲೂ ಆಗಲ್ಲ.

ನನ್ನ ಬೆಂಚಿಗೆ ಬೇರೆ ಬೇರೆ ತಾಲ್ಲೂಕಿನಿಂದ ಒಂದೇ ಥರ ಮುರಿದ ಆರ್ಮ್‌ಗಳು ಬರುತ್ತವೆ. ತಂದವರು ಪ್ರತಿಯೊಬ್ಬರೂ "ನಮ್ಮ ಹುಡುಗ ಸರಿಯಾಗಿ ಹಾರಿಸಲಿಲ್ಲ" ಅಂತಲೇ ಹೇಳೋದು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಇವರೆಲ್ಲ ಡಿಜಿಸಿಎಗೆ ಬರೆದಿದ್ದರೆ ಇದು ಆ ಮಾದರಿಯದೇ ದೋಷ ಅಂತ ಯಾರಾದರೂ ಒಂದು ಕಡೆ ಕೂತು ನೋಡಬಹುದಿತ್ತು. ಡ್ರೋನಿಗೆ ಟೈಪ್ ಸರ್ಟಿಫಿಕೇಟ್ ಕೊಡೋದು ಮಾದರಿಗೆ ಅಲ್ವಾ? ಹಾಗಿದ್ದರೆ ಆ ಮಾದರಿ ಗದ್ದೆಯಲ್ಲಿ ಹೇಗೆ ಬಾಳುತ್ತಿದೆ ಅಂತ ಗೊತ್ತಾಗಬೇಕಾದ್ದೂ ಅಲ್ಲಿಗೇ. ಈಗ ಆಗುತ್ತಿರೋದು ಏನು ಅಂದರೆ, ಕೆಟ್ಟ ಹೆಸರು ಪೈಲಟ್‌ಗೆ, ಹೊಸ ಆರ್ಮಿನ ದುಡ್ಡು ಮಾಲೀಕರಿಂದ, ಮತ್ತೆ ಅದೇ ಆರ್ಮ್.

ಬರೆಯುವಾಗ ಕಂಡದ್ದು, ಕೇಳಿದ್ದು ಮಾತ್ರ ಬರೀರಿ. "ಮೋಟರ್ ಸುಟ್ಟಿತು" ಅಂತ ಬೇಡ, "ಮುಂದಿನ ಬಲ ಆರ್ಮ್ ಕಡೆಯಿಂದ ಸದ್ದು ಬಂತು, ನಂತರ ಬಲಕ್ಕೆ ತಿರುಗಿತು" ಅಂತ ಬರೀರಿ. ಕಾರಣ ಊಹಿಸಬೇಡಿ.

ಬೇ_ಏರಿಯಾ_ಕನ್ನಡಿಗ

ಕ್ಯಾಲಿಫೋರ್ನಿಯಾದಿಂದ ಬರೀತಿದ್ದೀನಿ, ಇಲ್ಲಿ ಪಾರ್ಟ್ 107 (ಅಮೆರಿಕದ ಡ್ರೋನ್ ನಿಯಮ) ಲೈಸೆನ್ಸ್ ಇಟ್ಟುಕೊಂಡು ಸರ್ವೆ ಕೆಲಸ ಮಾಡ್ತೀನಿ. ಕೊಪ್ಪಳದ ಸರ್ ಕೇಳಿದ "ಧೈರ್ಯವಾಗಿ ಹೇಳಿಕೊಳ್ಳುವ ವ್ಯವಸ್ಥೆ" ಬಗ್ಗೆ ಒಂದು ಮಾಹಿತಿ.

ಇಲ್ಲಿ ಎರಡು ಬೇರೆ ಬೇರೆ ದಾರಿ ಇದೆ. ಯಾರಿಗಾದರೂ ಗಂಭೀರ ಗಾಯ ಆದರೆ, ಪ್ರಜ್ಞೆ ತಪ್ಪಿದರೆ, ಅಥವಾ ಡ್ರೋನ್ ಬಿಟ್ಟು ಬೇರೆಯವರ ಆಸ್ತಿಗೆ 500 ಡಾಲರ್‌ಗಿಂತ ಜಾಸ್ತಿ ಹಾನಿ ಆದರೆ 10 ದಿನದೊಳಗೆ ಇಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎಗೆ ತಿಳಿಸಲೇಬೇಕು. ಇದು ಕಡ್ಡಾಯ. ಎರಡನೆಯದು ಎಎಸ್‌ಆರ್‌ಎಸ್ ಅನ್ನುವ ಸುರಕ್ಷತಾ ವರದಿ ವ್ಯವಸ್ಥೆ, 1976ರಿಂದ ನಾಸಾ ನಡೆಸುತ್ತಿರುವುದು. ವಿಮಾನದ ಪೈಲಟ್, ಮೆಕ್ಯಾನಿಕ್, ಕಂಟ್ರೋಲರ್, ಈಗ ಡ್ರೋನ್ ಪೈಲಟ್ ಕೂಡ, ಯಾರು ಬೇಕಾದರೂ ಬರೆಯಬಹುದು. ದಂಡ ಹಾಕುವ ಎಫ್‌ಎಎ ಕೈಗೆ ಹೆಸರು ಹೋಗೋದಿಲ್ಲ, ನಾಸಾದವರು ಹೆಸರು ಗುರುತು ಎಲ್ಲ ತೆಗೆದು ಪ್ರಕಟಿಸುತ್ತಾರೆ. ಬೇಕಂತಲೇ ಮಾಡಿದ್ದಲ್ಲ ಅಂತಾದರೆ, 10 ದಿನದೊಳಗೆ ಬರೆದಿದ್ದರೆ, ಆಮೇಲೆ ನಿಯಮ ಮುರಿದದ್ದು ಸಾಬೀತಾದರೂ ದಂಡದಿಂದ ವಿನಾಯಿತಿ ಸಿಗುತ್ತದೆ. ಆದರೆ ಅಪಘಾತಕ್ಕೂ ಅಪರಾಧಕ್ಕೂ ಈ ರಕ್ಷಣೆ ಇಲ್ಲ. ಅಂದರೆ ಇಲ್ಲಿ ಇದ್ದಿದ್ದರೂ ಭತ್ತದ ಪೈಲಟ್ ಅವರದು ಕಡ್ಡಾಯ ವರದಿಯ ಸಾಲಿಗೇ ಬರುತ್ತಿತ್ತು.

ಇಂಥ ಒಂದು ಮೂರನೆಯವರ ಬಾಗಿಲು ಭಾರತದ ಡ್ರೋನ್ ಪೈಲಟ್‌ಗಳಿಗೂ ಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ದಂಡ ಹಾಕುವವರೂ ಕೇಳಿಸಿಕೊಳ್ಳುವವರೂ ಒಬ್ಬರೇ ಆದಾಗ ಜನ ಬಾಯಿ ಬಿಡೋದು ಕಷ್ಟ.

ಮಲೆನಾಡು_ಕ್ಯಾಮೆರಾ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಬೇರೆ ಪ್ರಶ್ನೆ ಆದರೂ ಇಲ್ಲೇ ಕೇಳ್ತೀನಿ. ಚಿಕ್ಕಮಗಳೂರು ಕಡೆ ಎಸ್ಟೇಟ್‌ನಲ್ಲಿ ಮದುವೆ ಶೂಟ್ ಮಾಡ್ತಿದ್ದಾಗ, ಗ್ರೀನ್ ಝೋನ್, 400 ಅಡಿ ಒಳಗೇ ಇದ್ದೆ, ಕಣಿವೆ ತಿರುವಿನಿಂದ ಒಂದು ಹೆಲಿಕಾಪ್ಟರ್ ತುಂಬಾ ತಗ್ಗಾಗಿ ಬಂತು. ಸದ್ದು ಕೇಳಿದ ಕೂಡಲೇ ಡ್ರೋನ್ ಕೆಳಗಿಳಿಸಿದೆ. ಯಾರಿಗೂ ಏನೂ ಆಗಲಿಲ್ಲ. ಇದನ್ನೂ ತಿಳಿಸಬೇಕಾ? 48 ಗಂಟೆ ಇದಕ್ಕೂ ಇದೆಯಾ?

ಹಾರಾಟದ_ಮೇಷ್ಟ್ರು

48 ಗಂಟೆಯ ಕಡ್ಡಾಯ ಅಪಘಾತಕ್ಕೆ. ನಿಮ್ಮದು ಕೂದಲೆಳೆ ಅಂತರದಲ್ಲಿ ತಪ್ಪಿದ್ದು. ಆದರೂ ತಿಳಿಸಿ. ಡಿಜಿಸಿಎಯಲ್ಲಿ ಅಪಾಯಗಳನ್ನ ಸ್ವಇಚ್ಛೆಯಿಂದ ತಿಳಿಸುವ ವ್ಯವಸ್ಥೆ ಇದೆ, ಯಾರು ಬೇಕಾದರೂ ಬರೆಯಬಹುದು. ದಿನ, ಹೊತ್ತು, ಜಾಗದ ಜಿಪಿಎಸ್, ನಿಮ್ಮ ಎತ್ತರ, ಹೆಲಿಕಾಪ್ಟರ್ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು, ಇಷ್ಟಿದ್ದರೆ ಸಾಕು. ಗ್ರೀನ್ ಝೋನ್ ಅಂದರೆ ಮುಂಗಡ ಅನುಮತಿ ಬೇಡ ಅಂತ ಅಷ್ಟೇ, ಆಕಾಶ ಖಾಲಿ ಇದೆ ಅಂತಲ್ಲ. ಮನುಷ್ಯರಿರುವ ವಿಮಾನಕ್ಕೆ ದಾರಿ ಬಿಡಬೇಕಾದವರು ಯಾವಾಗಲೂ ನಾವೇ. ನೀವು ಇಳಿಸಿದ್ದು ಸರಿಯಾಗಿದೆ. ಅಂದ ಹಾಗೆ ಮದುವೆ ಶೂಟ್ ದುಡ್ಡಿನ ಕೆಲಸ, ಮೈಕ್ರೋ ಅನ್ನುವ ಚಿಕ್ಕ ವರ್ಗದ ಡ್ರೋನ್ ಆದರೂ ಪೈಲಟ್ ಸರ್ಟಿಫಿಕೇಟ್ ಬೇಕು, ಇಲ್ಲದಿದ್ದರೆ ಮಾಡಿಸಿಕೊಳ್ಳಿ.

ಟೊರೊಂಟೊ_ಗೌಡ

ಮಲೆನಾಡಿನವರೇ, ಖಂಡಿತ ತಿಳಿಸಿ. ನಮ್ಮ ಟೊರೊಂಟೊ ಪಕ್ಕದ ಬಟನ್‌ವಿಲ್ ವಿಮಾನ ನಿಲ್ದಾಣದ ಹತ್ತಿರ 2021ರ ಆಗಸ್ಟ್ 10ರಂದು ಪೊಲೀಸರ ಡ್ರೋನಿಗೂ ಇಳಿಯುತ್ತಿದ್ದ ಸೆಸ್ನಾ 172 ತರಬೇತಿ ವಿಮಾನಕ್ಕೂ ಡಿಕ್ಕಿ ಆಯಿತು. ವಿಮಾನದಲ್ಲಿದ್ದವರು ಹಕ್ಕಿ ತಾಗಿದೆ ಅಂದುಕೊಂಡಿದ್ದರು! ಇಂಜಿನ್ ಮುಂದಿನ ಕವಚ ಜಜ್ಜಿತ್ತು, ಪುಣ್ಯಕ್ಕೆ ಸುರಕ್ಷಿತವಾಗಿ ಇಳಿದರು. ಡ್ರೋನ್ ಸುಮಾರು 400 ಅಡಿಯಲ್ಲಿ ನಿಂತಿತ್ತು. ಇಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ ವರದಿಯನ್ನ ಎಲ್ಲರೂ ಓದುವ ಹಾಗೆ ಹಾಕಿದೆ. ಪೈಲಟ್ ಪರದೆ ನೋಡ್ತಾ ಇದ್ದಾಗ ಆಕಾಶ ನೋಡಿಕೊಳ್ಳಬೇಕಿದ್ದ ಜೊತೆಗಾರನಿಗೆ ಆ ಕೆಲಸದ ತರಬೇತಿಯೇ ಇರಲಿಲ್ಲ ಅನ್ನೋದು ಅದರಿಂದಲೇ ನಮಗೆಲ್ಲ ಗೊತ್ತಾಗಿದ್ದು. ನಾನು ಅದನ್ನ ಓದಿದ ಮೇಲೆ ಪಕ್ಕದಲ್ಲಿ ನಿಲ್ಲುವವರಿಗೆ ಕೆಲಸ ಏನು ಅಂತ ಹೇಳದೆ ಹಾರಿಸೋದನ್ನ ಬಿಟ್ಟಿದ್ದೀನಿ. ನಿಮ್ಮ ಕಣಿವೆಯಲ್ಲಿ ಹೆಲಿಕಾಪ್ಟರ್ ತಗ್ಗಾಗಿ ಬರುತ್ತದೆ ಅಂತ ಇನ್ನೊಬ್ಬ ಫೋಟೊಗ್ರಾಫರ್‌ಗೆ ಗೊತ್ತಾಗಬೇಕಾದರೆ ನೀವೇ ಹೇಳಬೇಕು.

ಭತ್ತದ_ಪೈಲಟ್

ವರದಿ ಹಾಕಿದೆ. ಮಾಲೀಕರ ಹತ್ತಿರ ಕೂತು ಮಾತಾಡಿದೆ. ಹೊಣೆ ಪೈಲಟ್ ಹೆಸರಿಗಿದೆ ಅನ್ನೋದು ಅವರಿಗೂ ಗೊತ್ತಿರಲಿಲ್ಲ. ಮೇಷ್ಟ್ರ ಎಂಎಲ್‌ಸಿ ಮಾತು ಹೇಳಿದ ಮೇಲೆ ಒಪ್ಪಿದರು. ಬ್ಯಾಟರಿ ತೆಗೆದು ಕಣದಲ್ಲಿ ಮರಳಿನ ಮೇಲೆ ಇಟ್ಟಿದ್ದೀವಿ. ಫೋಟೊದಲ್ಲಿ ಆರ್ಮ್ ಲಾಕ್ ಮುಚ್ಚಿಯೇ ಇರೋದು ಸ್ಪಷ್ಟವಾಗಿ ಕಾಣ್ತಿದೆ. ಲಾಗ್ ಕಾಪಿ ಮಾಡಿದ್ದೀನಿ. ತಯಾರಕರ ಕಡೆಯವರು ಬರುವವರೆಗೆ ಬಿಚ್ಚೋದಿಲ್ಲ. ಹುಡುಗನಿಗೆ ರಾಯಚೂರಲ್ಲಿ ಆಪರೇಷನ್ ಆಯಿತು, ಸ್ನಾಯುರಜ್ಜು ಕತ್ತರಿಸಿದ್ದು ನಿಜ, ಜೋಡಿಸಿದ್ದಾರೆ. ತಿಂಗಳುಗಟ್ಟಲೆ ಕೆಲಸ ಮಾಡೋ ಹಾಗಿಲ್ಲವಂತೆ. ಅವನ ಮನೆಯವರಿಗೆ ಏನಾದರೂ ಪರಿಹಾರ ಸಿಗೋ ದಾರಿ ಇದೆಯಾ? ಡ್ರೋನಿಗೆ ಇನ್ಶೂರೆನ್ಸ್ ಇದೆ.

ಹಾರಾಟದ_ಮೇಷ್ಟ್ರು

ಒಳ್ಳೆಯ ಕೆಲಸ ಮಾಡಿದೆ ತಮ್ಮಾ. ಪರಿಹಾರದ ದಾರಿ ಇದೆ. ನ್ಯಾನೋ (ಅತಿ ಚಿಕ್ಕ ವರ್ಗ) ಬಿಟ್ಟು ಉಳಿದ ಡ್ರೋನ್‌ಗಳಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಅದಕ್ಕೂ ಪರಿಹಾರಕ್ಕೂ 1988ರ ಮೋಟಾರು ವಾಹನ ಕಾಯ್ದೆಯ ರೀತಿಯೇ ಅನ್ವಯ ಅಂತ ಡ್ರೋನ್ ನಿಯಮದಲ್ಲಿದೆ. ಆದರೆ ಒಂದು ತೊಡಕು ಬರಬಹುದು. ಹುಡುಗ ಅದೇ ಮಾಲೀಕರ ಕೂಲಿಯವನು, ಹಾಗಾಗಿ ಅವನು ಥರ್ಡ್ ಪಾರ್ಟಿ ಅಲ್ಲ ಅಂತ ಇನ್ಶೂರೆನ್ಸ್‌ನವರು ವಾದ ಮಾಡಬಹುದು. ಹಾಗಾದರೆ ನೌಕರರ ಪರಿಹಾರದ ಕಾನೂನಿನ ದಾರಿ ನೋಡಬೇಕಾಗುತ್ತದೆ. ಅಪಘಾತದ ಕ್ಲೇಮು ನಡೆಸುವ ವಕೀಲರನ್ನ ಸಿಂಧನೂರಲ್ಲೇ ಕಾಣಿ. ಪಾಲಿಸಿ ಪ್ರತಿ, ಎಂಎಲ್‌ಸಿ, ಡಿಸ್ಚಾರ್ಜ್ ಕಾಗದ, ಆಸ್ಪತ್ರೆ ಬಿಲ್ಲು, ಡಿಜಿಸಿಎಗೆ ಕೊಟ್ಟ ವರದಿಯ ಪ್ರತಿ ಒಂದೊಂದು ಸೆಟ್ ಅವನ ಮನೆಯವರ ಕೈಗೂ ಕೊಡಿ. ಇನ್ಶೂರೆನ್ಸ್ ಕಂಪನಿಗೆ ಇವತ್ತೇ ಲಿಖಿತವಾಗಿ ತಿಳಿಸೋಕೆ ಮಾಲೀಕರಿಗೆ ಹೇಳು, ಅಲ್ಲೂ ತಡ ಮಾಡಿದರೆ ತಕರಾರು ತೆಗೀತಾರೆ.

ಹುಡುಗನಿಗೆ ಕೈ ವ್ಯಾಯಾಮ ಹೇಳಿಕೊಡ್ತಾರೆ, ಫಿಸಿಯೋಥೆರಪಿಗೆ ತಪ್ಪದೆ ಕರೆದುಕೊಂಡು ಹೋಗಿ. ಆ ಖರ್ಚನ್ನೂ ಬಿಲ್ ಸಮೇತ ಬರೆದಿಡಿ.